ಪದಚರ್ಚೆ: ಚೀನೀ ವಾದ್ಯವೃಂದಕ್ಕೆ ತತ, ಸುಷಿರ ಹೊಂದುತ್ತವೆಯೇ?

ಪ್ರಶ್ನೆ: ಚೀನೀ ವಾದ್ಯವೃಂದದ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ನಾಲ್ಕು ವಿಭಾಗಗಳನ್ನು ನಾಟ್ಯಶಾಸ್ತ್ರದ ತತ, ಸುಷಿರ, ಅವನದ್ಧ, ಘನ ಎಂದೇ ಬರೆಯಬಹುದೆ? ಅರ್‌ಹುವಿಗೆ ‘ಚೀನೀ ಪಿಟೀಲು’, ಶಂಗ್‌ಗೆ ‘ಬಾಯಿ ಹಾರ್ಮೋನಿಯಂ’ ಎಂದರೆ ನಡೆದೀತೆ?

ಉತ್ತರ 1: ವಿಭಾಗಗಳ ಮಟ್ಟಿಗೆ ನಡೆಯದು. ಎರಡೂ ಕಡೆ ಲೆಕ್ಕ ನಾಲ್ಕೇ, ಗೆರೆ ಎಳೆದಿರುವ ಜಾಗ ಬೇರೆ. ಭರತ ನೋಡಿದ್ದು ಸದ್ದು ಎಲ್ಲಿ ಹುಟ್ಟುತ್ತದೆ ಎಂದು: ತಂತಿ, ಗಾಳಿ, ತೊಗಲು, ಲೋಹ. ಚೀನೀಯರು ನೋಡುವುದು ನುಡಿಸುವ ಕ್ರಿಯೆಯನ್ನು: ಊದು, (ಕಮಾನು) ಎಳೆ, ಮೀಟು, ಬಡಿ. ‘ತತ’ ಎಂದರೆ ಕಮಾನಿನಿಂದ ನುಡಿಸುವ ಅರ್‌ಹು, ಬೆರಳಿನಿಂದ ಮೀಟುವ ಪಿಪಾ ಒಂದೇ ಗಂಟಿಗೆ ಬೀಳುತ್ತವೆ. ವೃಂದದಲ್ಲಿ ಅವು ಕೂರುವ ಜಾಗವೂ ಬೇರೆ, ಕೆಲಸವೂ ಬೇರೆ. ಬಡಿಯುವ ವಿಭಾಗದಲ್ಲಾದರೋ ಡೋಲು, ಜಾಗಟೆ, ತಾಳ ಎಲ್ಲ ಒಟ್ಟಿಗಿವೆ, ಅವನ್ನು ಅವನದ್ಧ, ಘನ ಎಂದು ಸೀಳಬೇಕಾಗುತ್ತದೆ. ಊದುವಾದ್ಯ, ಕಮಾನುವಾದ್ಯ, ಮೀಟುವಾದ್ಯ, ಬಡಿವಾದ್ಯ ಎಂದೇ ಬರೆಯಿರಿ. ಒಂದು ತೊಡಕು ಉಳಿಯುತ್ತದೆ: ಯಾಂಗ್‌ಚಿನ್ ನಮ್ಮ ಸಂತೂರಿನ ಹಾಗೆ ಕಡ್ಡಿಯಿಂದ ಬಡಿಯುವ ತಂತಿವಾದ್ಯ, ಆದರೂ ಅದು ಕೂರುವುದು ಮೀಟುವವರ ಜೊತೆ. ಅದನ್ನು ತಿದ್ದಲು ಹೋಗಬೇಡಿ.

ಮೂಲದಲ್ಲಿ ‘ರೇಷ್ಮೆ’, ‘ಸೋರೆ’ ಎಂಬ ವರ್ಗಗಳು ಬಂದರೆ ಅದು ಬೇರೆಯೇ ಪದ್ಧತಿ. ಹಳೆಯ ಎಂಟು ನಾದಗಳು ಲೋಹ, ಕಲ್ಲು, ರೇಷ್ಮೆ, ಬಿದಿರು, ಸೋರೆ, ಮಣ್ಣು, ತೊಗಲು, ಮರ. ರೇಷ್ಮೆ ಎಂದರೆ ತಂತಿವಾದ್ಯ; ಈಗ ತಂತಿ ಹೆಚ್ಚಾಗಿ ಉಕ್ಕಿನದು.

‘ಚೀನೀ ಪಿಟೀಲು’ ಓದಿದವರು ಅರ್‌ಹುವನ್ನು ಹೆಗಲ ಮೇಲೆ ಕಲ್ಪಿಸಿಕೊಳ್ಳುತ್ತಾರೆ. ಅದು ಎಡತೊಡೆಯ ಮೇಲೆ ನೆಟ್ಟಗೆ ನಿಲ್ಲುವ ವಾದ್ಯ. ತಂತಿ ಎರಡೇ, ನಡುವೆ ಸ-ಪ ಅಂತರ. ಕಮಾನಿನ ಕೂದಲು ಆ ಎರಡು ತಂತಿಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಹೊರತಂತಿಗೆ ಆಚೆ ಒತ್ತಬೇಕು, ಒಳತಂತಿಗೆ ಈಚೆ ಸೆಳೆಯಬೇಕು. ಬೆರಳ ಕೆಳಗೆ ಪಟ್ಟಿ ಇಲ್ಲ, ತಂತಿಯನ್ನು ಗಾಳಿಯಲ್ಲೇ ಒತ್ತುವುದು. ಬುರುಡೆಗೆ ಹೆಬ್ಬಾವಿನ ಚರ್ಮ. ಹಾಂಗ್‌ಕಾಂಗಿನ ವೃಂದ ಅದರ ಬದಲು ಪ್ಲಾಸ್ಟಿಕ್ ಪೊರೆಯ ವಾದ್ಯಗಳನ್ನು ರೂಢಿಗೆ ತಂದಿದೆ. ಹೆಸರನ್ನು ಅರ್‌ಹು ಎಂದೇ ಇಟ್ಟು ಮೊದಲ ಸಲ ಒಂದು ವಾಕ್ಯದ ವಿವರಣೆ ಕೊಡಿ. ಕಮಾನುವಾದ್ಯಗಳಲ್ಲಿ ಮೇಲಿನ ಸ್ಥಾಯಿಗೆ ಗಾವ್‌ಹು, ನಡುವಿಗೆ ಜೋಂಗ್‌ಹು, ತಳಕ್ಕೆ ಬಹಳ ಕಡೆ ಪಾಶ್ಚಾತ್ಯ ಚೆಲ್ಲೊ, ಡಬಲ್ ಬಾಸ್.

ಶಂಗ್‌ಗೆ ‘ಬಾಯಿ ಹಾರ್ಮೋನಿಯಂ’ ಅಷ್ಟೇನೂ ತಪ್ಪಲ್ಲ, ಒಳಗಿರುವುದು ಅದೇ ಜಾತಿಯ ರೀಡು (ಗಾಳಿಗೆ ಅದುರುವ ತೆಳು ಪಟ್ಟಿ). ಆದರೆ ಓದುಗನಿಗೆ ಜೇಬಿನ ಮೌತ್ ಆರ್ಗನ್ ನೆನಪಾಗುತ್ತದೆ. ಇದು ನೆಟ್ಟಗಿನ ಕೊಳವೆಗಳ ಕಟ್ಟು. ಸಾಂಪ್ರದಾಯಿಕ ಶಂಗ್‌ನಲ್ಲಿ 17 ಕೊಳವೆ, ವೃಂದದಲ್ಲಿ 36 ರೀಡಿನದೂ ಬಳಕೆಯಲ್ಲಿದೆ. ಊದಿದರೂ ಉಸಿರೆಳೆದುಕೊಂಡರೂ ನುಡಿಯುತ್ತದೆ. ಸಾಂಪ್ರದಾಯಿಕ ಶಂಗ್‌ನಲ್ಲಿ ತೂತು ಮುಚ್ಚಿದಾಗಲೇ ಆ ಕೊಳವೆ ನುಡಿಯುವುದು, ಹಾಗಾಗಿ ‘ತೂತು ಬಿಟ್ಟು ನುಡಿಸುತ್ತಾರೆ’ ಎಂದು ಬರೆದರೆ ತಲೆಕೆಳಗು. ಹಲವು ಸ್ವರ ಒಟ್ಟಿಗೆ ಹಿಡಿದು ಉಳಿದ ವಿಭಾಗಗಳನ್ನು ಬೆಸೆಯುವುದು ಇದರ ಪಾತ್ರ.

ಉತ್ತರ 2: ಒಂದು ಸೇರ್ಪಡೆ. ಡೀಜ಼ವನ್ನು ಬರೀ ‘ಕೊಳಲು’ ಎನ್ನಬೇಡಿ, ‘ಪೊರೆಗೊಳಲು’ ಹೇಗೆ? ಊದುವ ತೂತಿಗೂ ಬೆರಳ ತೂತುಗಳಿಗೂ ನಡುವೆ ಇನ್ನೊಂದು ತೂತಿದೆ. ಅದರ ಮೇಲೆ ಜೊಂಡಿನ ಒಳಪೊರೆಯನ್ನು ಸಣ್ಣ ನೆರಿಗೆ ಬರುವಂತೆ ಅಂಟಿಸುತ್ತಾರೆ, ಅಂಟಿಗೆ ಬೆಳ್ಳುಳ್ಳಿ ರಸವೂ ಆಗುತ್ತದೆ. ತೀರಾ ಬಿಗಿಯಾದರೆ ಝೇಂಕಾರ ಸತ್ತು ಸದ್ದು ಮಂಕು. ಸಡಿಲವಾದರೆ ಗೊರಗೊರ, ಮೇಲಿನ ಸ್ವರ ಏಳದು. ಸ್ವೋನಾವನ್ನು ಶಹನಾಯಿ ಕುಲದ್ದು ಎನ್ನಲು ಅಡ್ಡಿಯಿಲ್ಲ.

ವೃಂದಕ್ಕೆ ‘ಪ್ರಾಚೀನ’ ಎಂಬ ವಿಶೇಷಣ ಬೇಡ. ವಾದ್ಯಗಳು ಹಳೆಯವು, ಈ ದೊಡ್ಡ ವೃಂದ 20ನೇ ಶತಮಾನದ್ದು. ಅದರ ಹೆಸರೂ ಊರೂರಿಗೆ ಬೇರೆ: ಚೀನಾದಲ್ಲಿ ಮಿನ್‌ಯುವೆ, ತೈವಾನಿನಲ್ಲಿ ಗ್ವೊಯುವೆ, ಸಿಂಗಾಪುರದಲ್ಲಿ ಹ್ವಾಯುವೆ. ಲೇಖನ ಎಲ್ಲಿಯದೆಂದು ತಿಳಿಸಿದರೆ ಯಾವುದನ್ನು ಇಟ್ಟುಕೊಳ್ಳಬೇಕೆಂದು ಹೇಳಬಹುದು.