ಲಕ್ಕುಂಡಿ ಬಾವಿಗಳ ನಕ್ಷೆ: ಗುರುತುಗಳೇ ಕಾಣ್ತಿಲ್ಲ, ಮಾಡಿದವರು ಹೇಳಿ

ಕೇಳಿದವರು, ಗದಗ:
ಲಕ್ಕುಂಡಿಯ ಗುಡಿ, ಬಾವಿಗಳನ್ನು ತೋರಿಸುವ ನಕ್ಷೆಯನ್ನು ಲೀಫ್‌ಲೆಟ್‌ನಲ್ಲಿ (ವೆಬ್ ಪುಟದಲ್ಲಿ ನಕ್ಷೆ ತೋರಿಸುವ ಕೋಡ್ ಲೈಬ್ರರಿ) ಮಾಡುತ್ತಿದ್ದೇನೆ. ಗುಡಿಗೆ ಒಂದು ಚಿತ್ರ, ಬಾವಿಗೆ ಇನ್ನೊಂದು. ಒತ್ತಿದರೆ ಫೋಟೊ ಬರಬೇಕು. ಮೇಲೆ ಜಿಲ್ಲೆಯ ತಾಲ್ಲೂಕುಗಳ ಗಡಿ. ಗುಡಿಗಳನ್ನು ಕೋಡ್‌ನಲ್ಲೇ ಒಂದೊಂದಾಗಿ ಹಾಕಿದೆ, ಬಂದವು. ಬಾವಿಗಳಿಗೆ ಜಿಯೋಜೇಸನ್ ಫೈಲ್ (ಜಾಗಗಳ ಪಟ್ಟಿ ಇಡುವ ಒಂದು ಮಾದರಿ) ಬರೆದೆ. ಒಂದೂ ಕಾಣ್ತಿಲ್ಲ, ಎರರ್ ಕೂಡ ಇಲ್ಲ.

ಧಾರವಾಡದಿಂದ:
ನಕ್ಷೆಯನ್ನು ಪೂರ್ತಿ ಚಿಕ್ಕದು ಮಾಡಿ ಮೇಲಕ್ಕೆ ಹೋಗಿ ನೋಡ್ರಿ. ನಾರ್ವೆ ದಾಟಿ, ಸ್ವಾಲ್‌ಬಾರ್ಡ್ ದ್ವೀಪಗಳ ಕೆಳಗೆ, ಸಮುದ್ರದಲ್ಲಿ ನಿಮ್ಮ ಬಾವಿಗಳು ಸಿಗಬಹುದು. ತಮಾಷೆ ಅಲ್ಲ, ನನ್ನ ಬಸ್ ಸ್ಟಾಪ್‌ಗಳೂ ಎರಡು ದಿನ ಅಲ್ಲೇ ಇದ್ದವು! ಲೀಫ್‌ಲೆಟ್ ಮಾರ್ಕರ್‌ಗೆ, ಅಂದರೆ ಕೋಡ್‌ನಲ್ಲಿ ಹಾಕುವ ಗುರುತಿಗೆ, ಅಕ್ಷಾಂಶ ಮೊದಲು: 15.39, 75.72. ಜಿಯೋಜೇಸನ್‌ಗೆ ರೇಖಾಂಶ ಮೊದಲು: 75.72, 15.39. ಎರಡೂ ಸರಿಯಾದ ಅಂಕಿಗಳೇ ಆದ್ದರಿಂದ ಎರರ್ ಬರಲ್ಲ.

ಇನ್ನೊಂದು, ಚಿತ್ರದ ವಿಷಯ. 32 ಅಗಲ, 40 ಎತ್ತರದ ಸೂಜಿ ಚಿತ್ರ ಅಂದುಕೊಳ್ಳಿ. ಐಕಾನ್‌ಸೈಜ್ (ಚಿತ್ರದ ಅಳತೆ) ಮಾತ್ರ ಕೊಟ್ಟರೆ ಚಿತ್ರದ ನಡುಭಾಗ ಜಾಗದ ಮೇಲೆ ಕೂರುತ್ತದೆ, ಸೂಜಿಯ ತುದಿ 20 ಪಿಕ್ಸೆಲ್ ಕೆಳಗಿರುತ್ತದೆ. ತೀರಾ ಹತ್ತಿರದ ನೋಟ, ಜೂಮ್ 18ರಲ್ಲಿ ಅದು ಸುಮಾರು 12 ಮೀಟರ್ ತಪ್ಪು, ಯಾರೂ ಗಮನಿಸಲ್ಲ. ದೂರದ ನೋಟ, ಜೂಮ್ 14ಕ್ಕೆ ಬಂದರೆ 180 ಮೀಟರ್ ದಕ್ಷಿಣಕ್ಕೆ! ಬಾವಿ ಯಾರದೋ ಹೊಲದಲ್ಲಿ. ಐಕಾನ್‌ಆ್ಯಂಕರ್ (ಚಿತ್ರದ ಯಾವ ಬಿಂದು ಜಾಗದ ಮೇಲೆ ಕೂರಬೇಕು ಅನ್ನೋದು) 16, 40 ಅಂತ ಕೊಡಿ. ಪಾಪ್‌ಅಪ್‌ಆ್ಯಂಕರ್ (ಒತ್ತಿದಾಗ ಫೋಟೊ ಎಲ್ಲಿ ತೆರೆಯಬೇಕು ಅನ್ನೋದು) ಕೂಡ ಕೊಡಿ, ಇಲ್ಲದಿದ್ದರೆ ಫೋಟೊ ಸೂಜಿಯನ್ನೇ ಮುಚ್ಚುತ್ತದೆ.

ಹುಬ್ಬಳ್ಳಿಯಿಂದ:
ಗಡಿ ಫೈಲ್ ಎಲ್ಲಿಂದ ತಂದಿರಿ? ನನಗೆ ಸಿಕ್ಕಿದ್ದು ಹಳೆಯದು. ಅದರಲ್ಲಿ ಗಜೇಂದ್ರಗಡ ಇನ್ನೂ ರೋಣದೊಳಗೆ, ಲಕ್ಷ್ಮೇಶ್ವರ ಶಿರಹಟ್ಟಿಯೊಳಗೆ. ನಾನು ಮಾಡಿದ್ದು ಮಳೆ ನಕ್ಷೆ; ಮಳೆ ಅಂಕಿಗಳು ಏಳು ತಾಲ್ಲೂಕಿಗಿದ್ದವು, ಗಡಿ ಐದಕ್ಕೆ. ಎರಡು ಸಾಲು ಸುಮ್ನೆ ಬಿಟ್ಟುಹೋದವು, ತೋರಿಸಿದ ಮೇಲೆ ಲಕ್ಷ್ಮೇಶ್ವರದವರೊಬ್ಬರು ಕೇಳಿದರು, "ನಮ್ಮೂರಾಗ ಮಳಿ ಆಗಿಲ್ಲೇನ್ರಿ?" ಹೆಸರಿನ ಕಾಗುಣಿತ ನಂಬಿ ಜೋಡಿಸಬೇಡಿ, ತಾಲ್ಲೂಕಿನ ಕೋಡ್ ನಂಬರ್ ಇದ್ದರೆ ಅದನ್ನೇ ಬಳಸಿ.

ಫೈಲ್ ಭಾರ ಜಾಸ್ತಿ ಇದ್ದರೆ ಮ್ಯಾಪ್‌ಶೇಪರ್‌ ಅನ್ನೋ ಸಾಧನದಲ್ಲಿ ಗೆರೆ ಸರಳ ಮಾಡಿ. ಅಕ್ಷಾಂಶ, ರೇಖಾಂಶಕ್ಕೆ ದಶಮಾಂಶ ಐದು ಸ್ಥಾನ ಸಾಕು, ಅದೇ ಸುಮಾರು ಒಂದು ಮೀಟರ್. ತಾಲ್ಲೂಕಿನ ಗಡಿಗೆ ಹದಿನಾಲ್ಕು ಸ್ಥಾನ ಯಾಕೆ ಬೇಕು ಹೇಳಿ?

ಹಾವೇರಿಯಿಂದ:
ಅಲ್ಲಿ ಗುಡಿ, ಬಾವಿ ಒತ್ತೊತ್ತಾಗಿವೆ, ಅಲ್ವಾ? ಹತ್ತಿರದ ಗುರುತುಗಳನ್ನು ಒಂದೇ ಗುಂಪಾಗಿ ತೋರಿಸುವ ಮಾರ್ಕರ್‌ಕ್ಲಸ್ಟರ್ ಹಾಕಿ, ಜೂಮ್ 17ರಿಂದ ಬಿಡಿಸಿ. ಫೋಟೊಗಳನ್ನು ಮೊದಲು ಕುಗ್ಗಿಸಿ. ಹಿನ್ನೆಲೆ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದಾದರೆ, ಕೆಳಗಿನ ಅವರ ಹೆಸರನ್ನು ಅಂದಕ್ಕೆ ಅಂತ ತೆಗೆಯಬೇಡಿ, ಅದು ಅವರ ನಿಯಮ. ಫೋನಿನಲ್ಲಿ ನಕ್ಷೆ ಇಡೀ ಪರದೆ ತುಂಬಿದರೆ ಬೆರಳು ನಕ್ಷೆಯನ್ನೇ ಎಳೆಯುತ್ತದೆ, ಪುಟ ಕೆಳಗಿಳಿಯಲ್ಲ. ಬದಿಯಲ್ಲಿ ಸ್ವಲ್ಪ ಜಾಗ ಬಿಡಿ.

ಕೇಳಿದವರು, ಗದಗ:
ಸಿಕ್ಕವು ರೀ, ಸಮುದ್ರದಲ್ಲೇ ಇದ್ದವು! ಮುಸುಕಿನ ಬಾವಿ ಈಗ ಮಾಣಿಕೇಶ್ವರ ಗುಡಿಯ ಪಕ್ಕಕ್ಕೇ ಬಂದಿದೆ. ಗಡಿ ಫೈಲ್ ತೆರೆದು ಎಣಿಸಿದೆ, ನನ್ನದರಲ್ಲೂ ಐದೇ ತಾಲ್ಲೂಕು.