ಹೋಮ್‌ಸ್ಕೂಲ್ ಹೈಸ್ಕೂಲು: ಯಾವ ಲ್ಯಾಬ್ ಸೈನ್ಸ್, ಯಾವ ವರ್ಷ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾವಿರೋದು ಕ್ಯಾಲಿಫೋರ್ನಿಯಾದಲ್ಲಿ. ಮಗ ಈ ಸಲ ಒಂಬತ್ತನೇ ತರಗತಿ, ಓದೆಲ್ಲ ಮನೆಯಲ್ಲೇ. ಆಲ್ಜೀಬ್ರಾ 1 ಮುಗಿದಿದೆ, ಈಗ ಜಾಮೆಟ್ರಿ. ಎಂಜಿನಿಯರಿಂಗ್ ಕಡೆ ಒಲವಿದೆ, ಯುಸಿಗೂ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅರ್ಜಿ ಹಾಕುವ ಆಸೆ. ಮೊದಲು ಬಯಾಲಜಿ, ಆಮೇಲೆ ಕೆಮಿಸ್ಟ್ರಿ, ಕೊನೆಗೆ ಫಿಸಿಕ್ಸ್ ಅಂತ ಎಲ್ಲರೂ ಹೇಳುತ್ತಾರೆ. ಇವನು ಮಾತ್ರ ಫಿಸಿಕ್ಸೇ ಮೊದಲು ಬೇಕು ಅಂತ ಕೂತಿದ್ದಾನೆ. ಏನು ಮಾಡಲಿ? ಮನೆಯಲ್ಲಿ ಮಾಡಿದ ಲ್ಯಾಬನ್ನು ಕಾಲೇಜಿನವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ?

ಶಾಯಿಕುಡಿಕೆ:
ತುಂಗಾತೀರ ಅವರೇ, ನನ್ನ ಇಬ್ಬರು ಹೆಣ್ಣುಮಕ್ಕಳೂ ಹೈಸ್ಕೂಲು ಮುಗಿಸಿದ್ದು ಮನೆಯಲ್ಲೇ. ಅದಕ್ಕೂ ಮುಂಚೆ ನಾನು ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸೈನ್ಸಿನ ಕ್ರಮವನ್ನು ವಯಸ್ಸು ನೋಡಿ ಇಡಬೇಡಿ, ಗಣಿತ ನೋಡಿ ಇಡಿ. ಕೆಮಿಸ್ಟ್ರಿಯಲ್ಲಿ ಪಿಎಚ್ (ಆಮ್ಲ, ಕ್ಷಾರದ ಅಳತೆ) ಬಂದ ಕೂಡಲೇ ಲಾಗರಿದಮ್ ಬೇಕು, ಅದು ಸಿಗೋದು ಆಲ್ಜೀಬ್ರಾ 2ರಲ್ಲಿ. ಫಿಸಿಕ್ಸಿನಲ್ಲಿ ಇಳಿಜಾರಿನ ಮೇಲಿನ ವಸ್ತುವಿನ ಲೆಕ್ಕಕ್ಕೇ ಸೈನ್, ಕೊಸೈನ್ ಬೇಕು. ಹೈಸ್ಕೂಲು ಮಕ್ಕಳಿಗೆ ಎಪಿ ಅನ್ನೋ ಕಾಲೇಜು ಮಟ್ಟದ ಕೋರ್ಸು, ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನವರೂ ಎಪಿ ಫಿಸಿಕ್ಸ್ 1ಕ್ಕೆ ಜಾಮೆಟ್ರಿ ಮುಗಿದಿರಲಿ, ಆಲ್ಜೀಬ್ರಾ 2 ಜೊತೆಯಲ್ಲಿ ನಡೆಯುತ್ತಿರಲಿ ಅಂತ ಹೇಳುತ್ತಾರೆ. ಎಪಿ ಕೆಮಿಸ್ಟ್ರಿಗೆ ಆಲ್ಜೀಬ್ರಾ 2ರ ಜೊತೆ ಒಂದು ಸಾಧಾರಣ ಕೆಮಿಸ್ಟ್ರಿ ಕೋರ್ಸೂ ಮುಗಿದಿರಬೇಕು.

ನಿಮ್ಮ ಮಗನ ಗಣಿತಕ್ಕೆ ಒಂಬತ್ತರಲ್ಲಿ ಬಯಾಲಜಿ, ಹತ್ತರಲ್ಲಿ ಆಲ್ಜೀಬ್ರಾ 2ರ ಜೊತೆ ಕೆಮಿಸ್ಟ್ರಿ, ಹನ್ನೊಂದರಲ್ಲಿ ಫಿಸಿಕ್ಸ್ ಚೆನ್ನಾಗಿ ಹೊಂದುತ್ತೆ. ಹನ್ನೆರಡರಲ್ಲಿ ಅವನಿಗೆ ಇಷ್ಟವಾದ ಒಂದನ್ನು ಎಪಿ ಅಥವಾ ಕಾಲೇಜು ಮಟ್ಟದಲ್ಲಿ ಮಾಡಲಿ. ಫಿಸಿಕ್ಸೇ ಮೊದಲು ಅಂದರೆ ತಡೆಯಬೇಡಿ. ಆದರೆ ಅದು ಲೆಕ್ಕ ಕಡಿಮೆ ಇರುವ ಫಿಸಿಕ್ಸ್ ಆಗಿರುತ್ತೆ. ಎಂಜಿನಿಯರಿಂಗಿಗೆ ಹೋಗುವವನು ಮುಂದೆ ಇನ್ನೊಂದು ಗಟ್ಟಿ ಫಿಸಿಕ್ಸ್ ಮಾಡಲೇಬೇಕು. ಇದನ್ನು ಈಗಲೇ ಅವನ ಜೊತೆ ಕೂತು ಮಾತಾಡಿ.

ಇನ್ನು ಲ್ಯಾಬು. ಜನ ಕಿಟ್ ಯಾವುದು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಮುಖ್ಯವಾದದ್ದು ನೋಟ್‌ಬುಕ್ಕು. ಒಂದು ಉದಾಹರಣೆ ಕೊಡುತ್ತೇನೆ. ಅಂಗಡಿಯ ಬಿಳಿ ವಿನೆಗರ್ ಬಾಟಲಿಯ ಮೇಲೆ ಆಮ್ಲ 5% ಅಂತ ಇರುತ್ತೆ. ಅದನ್ನು ಅಳತೆ ಮಾಡಿ ಫ್ಲಾಸ್ಕಿಗೆ ಹಾಕಿ, ಕ್ಷಾರದಲ್ಲಿ ಗುಲಾಬಿಯಾಗುವ ಫಿನಾಲ್ಫ್ತಲೀನ್ ಎರಡು ಹನಿ ಬಿಟ್ಟು, ಅಳತೆ ಗುರುತಿನ ಗಾಜಿನ ನಳಿಕೆ, ಅಂದರೆ ಬ್ಯುರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರದ ದ್ರಾವಣ ಹನಿ ಹನಿಯಾಗಿ ಬಿಡಬೇಕು. ಕಣ್ಣಿಗೆ ಗಾಗಲ್ಸ್ ಕಡ್ಡಾಯ. ಮೊದಲು ಗುಲಾಬಿ ಬಣ್ಣ ಬಂದು, ಅಲ್ಲಾಡಿಸಿದರೆ ಮಾಯವಾಗುತ್ತೆ. ಕೊನೆಗೆ ಒಂದೇ ಹನಿಗೆ ತೆಳು ಗುಲಾಬಿ ನಿಂತುಬಿಡುತ್ತೆ. ದೊಡ್ಡವಳು ಹೀಗೆ ಮಾಡಿದಾಗ ಖರ್ಚಾದ ದ್ರಾವಣದ ಅಳತೆಯಿಂದ ಆಮ್ಲದ ಲೆಕ್ಕ ಬಂದಿದ್ದು 5.6%. ಬಾಟಲಿಯಲ್ಲಿ 5 ಅಂತಿದೆ, ಅದನ್ನೇ ಬರೆದುಬಿಡಲಾ ಅಂತ ಕೇಳಿದಳು. ಬೇಡ, ಬಂದಿದ್ದನ್ನೇ ಬರಿ, ಯಾಕೆ ಬಂತು ಅಂತ ಹುಡುಕು ಅಂದೆ. ಹೈಡ್ರಾಕ್ಸೈಡ್ ದ್ರಾವಣ ಹಳೆಯದು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಅದರ ಶಕ್ತಿ ಕುಗ್ಗಿರಬಹುದು, ಆಗ ಜಾಸ್ತಿ ದ್ರಾವಣ ಬೇಕಾಗುತ್ತೆ, ಆಮ್ಲ ಜಾಸ್ತಿ ಇರುವ ಹಾಗೆ ಕಾಣುತ್ತೆ ಅಂತ ಅವಳೇ ಬರೆದಳು. ಮುಂದೆ ಹೊಸ ದ್ರಾವಣ ಮಾಡಿ ಅದನ್ನೂ ಪರೀಕ್ಷಿಸಿದಳು. ಆ ಎರಡು ಪುಟ ಇದೆಯಲ್ಲ, ಅದು ಲ್ಯಾಬ್ ಸೈನ್ಸ್! ಉತ್ತರ ಮೊದಲೇ ಗೊತ್ತಿರುವ ವಿಡಿಯೋ ನೋಡಿ ಖಾಲಿ ಜಾಗ ತುಂಬುವುದು ಲ್ಯಾಬ್ ಅಲ್ಲ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಪೆನ್ನಿನಲ್ಲೇ ಬರೆಯಲಿ. ತಪ್ಪಾದರೆ ಒಂದು ಗೆರೆ ಎಳೆಯಲಿ, ಅಳಿಸೋದು ಬೇಡ. ತಾರೀಖು ಇರಲಿ. ಆ ಪುಸ್ತಕಗಳನ್ನು ಎಸೆಯಬೇಡಿ. ಕಾಲೇಜಿನಲ್ಲಿ ಎಪಿ ಕ್ರೆಡಿಟ್ ಕೊಡುವ ಮುಂಚೆ ಲ್ಯಾಬ್ ನೋಟ್‌ಬುಕ್ ತೋರಿಸಿ ಅಂತ ಕೇಳುವುದೂ ಉಂಟು.

ನಡುಹೊಳೆ:
ಶಾಯಿಕುಡಿಕೆ ಮೇಡಂ ಹೇಳಿದ್ದಕ್ಕೆ ಯುಸಿ ವಿಷಯ ಸೇರಿಸುತ್ತೇನೆ. ಯುಸಿ ಸೈನ್ಸಿನಲ್ಲಿ ಎರಡು ವರ್ಷ ಕಡ್ಡಾಯ ಅನ್ನುತ್ತೆ, ಮೂರು ಇದ್ದರೆ ಒಳ್ಳೆಯದು ಅನ್ನುತ್ತೆ. ಆದರೆ ಅದು ಅವರ ಎ-ಜಿ ಪಟ್ಟಿಯ, ಅಂದರೆ ಯುಸಿ ಒಪ್ಪಿರುವ ಹೈಸ್ಕೂಲು ಕೋರ್ಸುಗಳ ಪಟ್ಟಿಯ ಕೋರ್ಸ್ ಆಗಿರಬೇಕು. ಅಪ್ಪ ಅಮ್ಮ ಮನೆಯಲ್ಲಿ ತಾವೇ ರೂಪಿಸಿ ಕಲಿಸಿದ್ದು ಆ ಪಟ್ಟಿಯಲ್ಲಿ ಬರಲ್ಲ. ಅದಕ್ಕೆ ನಾವು ಕಮ್ಯುನಿಟಿ ಕಾಲೇಜಿನ (ಹೈಸ್ಕೂಲು ಮಕ್ಕಳೂ ಸೇರಬಹುದಾದ, ಎರಡು ವರ್ಷದ ಸರ್ಕಾರಿ ಕಾಲೇಜು) ದಾರಿ ಹಿಡಿದೆವು. ಯುಸಿಗೆ ವರ್ಗಾವಣೆ ಆಗುವ, ಲ್ಯಾಬ್ ಇರುವ ಒಂದು ಸೆಮಿಸ್ಟರ್ ಕೋರ್ಸ್ ಹೈಸ್ಕೂಲಿನ ಒಂದು ವರ್ಷಕ್ಕೆ ಸಮ. ಎಪಿ ಪರೀಕ್ಷೆಯಲ್ಲಿ 5ಕ್ಕೆ 3 ಅಥವಾ ಜಾಸ್ತಿ ಬಂದರೂ ಆಗುತ್ತೆ. ಆದರೆ ಕಮ್ಯುನಿಟಿ ಕಾಲೇಜಿನ ಗ್ರೇಡ್ ಶಾಶ್ವತವಾಗಿ ದಾಖಲೆಯಲ್ಲಿ ಉಳಿಯುತ್ತೆ. ಹುಡುಗ ಸಿದ್ಧನಿದ್ದಾನಾ ಅಂತ ನೋಡಿಕೊಂಡೇ ಸೇರಿಸಿ.

ಎಪಿ ಬರೆಸುವುದಾದರೆ ಇನ್ನೊಂದು ವಿಷಯ. ಪರೀಕ್ಷೆ ಮೇ ತಿಂಗಳಲ್ಲಿ, ಆದರೆ ಶಾಲೆಗಳು ನವೆಂಬರ್ ಮಧ್ಯದೊಳಗೇ ಹೆಸರು ಕೊಡಬೇಕು. ಹೊರಗಿನ ಮಕ್ಕಳನ್ನು ಕೂರಿಸುವ ಶಾಲೆಗೆ ಆಗಸ್ಟ್‌ನಿಂದಲೇ ಫೋನ್ ಮಾಡಿ. ಹತ್ತಿರದ ಒಂದು ಶಾಲೆ ನಮಗೆ ಆಗಲ್ಲ ಅಂದಿತು, ಪಕ್ಕದ ಊರಿನವರು ಖುಷಿಯಾಗಿ ಒಪ್ಪಿದರು.

ತುಂಗಾತೀರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಬಯಾಲಜಿ ಮನೆಯಲ್ಲಿ, ಕೆಮಿಸ್ಟ್ರಿ ಮತ್ತು ಫಿಸಿಕ್ಸ್ ಕಮ್ಯುನಿಟಿ ಕಾಲೇಜಿನಲ್ಲಿ. ಮಗ ಒಪ್ಪಿದ, ಸರ್ಕ್ಯೂಟ್ ಕಿಟ್ ಕೊಡಿಸಬೇಕು ಅನ್ನೋ ಷರತ್ತಿನ ಮೇಲೆ. ಮೈಕ್ರೋಸ್ಕೋಪ್ ಎಂಥದ್ದು ತರಲಿ?

ಶಾಯಿಕುಡಿಕೆ:
ಒಳ್ಳೆ ಪ್ಲಾನ್. ಸರ್ಕ್ಯೂಟ್ ಕಿಟ್ ಖಂಡಿತ ಕೊಡಿಸಿ. ಮೈಕ್ರೋಸ್ಕೋಪು 40ರಿಂದ 400 ಪಟ್ಟು ತೋರಿಸಿದರೆ ಸಾಕು. ಈರುಳ್ಳಿ ಸಿಪ್ಪೆಯ ಕೋಶ, ಕೆನ್ನೆಯ ಒಳಗಿನ ಕೋಶ, ಕೆರೆ ನೀರಿನ ಜೀವಿ ಎಲ್ಲ ಕಾಣುತ್ತೆ. 1000 ಪಟ್ಟಿನ ಲೆನ್ಸಿಗೆ ಎಣ್ಣೆ ಹಾಕಬೇಕು, ಶುರುವಿಗೆ ಅದು ಬೇಡ. ದುಡ್ಡು ಹಾಕೋದಾದರೆ ಗಾಜಿನ ಲೆನ್ಸಿಗೂ, ಸ್ಲೈಡನ್ನು ತಿರುಪಿನಿಂದ ಸರಿಸುವ ಮೆಕ್ಯಾನಿಕಲ್ ಸ್ಟೇಜಿಗೂ ಹಾಕಿ. ಕೈಯಲ್ಲಿ ಸ್ಲೈಡ್ ಸರಿಸುತ್ತಾ ಹೋದರೆ ಓಡಾಡುವ ಜೀವಿ ಕಣ್ಣಿಗೆ ಸಿಗೋದೇ ಇಲ್ಲ, ಮಕ್ಕಳಿಗೆ ಬೇಗ ಬೇಜಾರಾಗುತ್ತೆ. ಕಂಡಿದ್ದನ್ನು ಫೋಟೋ ತೆಗೆಯೋಕೆ ಮುಂಚೆ ಪೆನ್ಸಿಲಿನಲ್ಲಿ ಬಿಡಿಸಲಿ. ಚಿತ್ರಕ್ಕೆ ಮಾತ್ರ ಪೆನ್ಸಿಲ್ ಆಗಬಹುದು. ಪಕ್ಕದಲ್ಲಿ ಎಷ್ಟು ಪಟ್ಟು ಅಂತ ಬರೆಯೋದು ಮರೆಯದಿರಲಿ.