ಅಪ್ಪಯ್ಯನ ಕಾಲದ ಸ್ಲಿಪ್‌ರಿಂಗ್ ಮೋಟರು ಅರ್ಧ ಸ್ಪೀಡಿಗೆ ನಿಂತುಬಿಡ್ತದೆ, ಗುಜರಿಗೆ ಹಾಕಲೇಬೇಕಾ?

ಗಿರಣಿಮನೆ, ಸಾಗರ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದಿಂದ ಒಳಗೆ ಒಂದು ಸಣ್ಣ ಹಲ್ಲರ್ ಮಿಲ್ಲು, ಅಂದರೆ ಭತ್ತದ ಹೊಟ್ಟು ತೆಗೆದು ಅಕ್ಕಿ ಮಾಡೋದು. ಸುತ್ತಲಿನ ನಾಲ್ಕೈದು ಊರಿನವರು ಮನೆಖರ್ಚಿನ ಭತ್ತ ಮಾಡಿಸಲಿಕ್ಕೆ ಇಲ್ಲಿಗೇ ಬರೋದು. ಒಂದು ಹಲ್ಲರು, ಒಂದು ಹಿಟ್ಟಿನ ಕಲ್ಲು, ಒಂದು ಖಾರಪುಡಿ ಮಿಷನ್ನು. ಮೂರೂ ಒಂದೇ ಉದ್ದ ಶಾಫ್ಟಿನ ಮೇಲೆ ಚಪ್ಪಟೆ ಬೆಲ್ಟಿನಲ್ಲಿ ತಿರುಗ್ತವೆ. ಅಷ್ಟಕ್ಕೂ ಇರೋದು ಒಂದೇ ಮೋಟರು. 20 ಎಚ್‌ಪಿ, 960 ಆರ್‌ಪಿಎಂ ಸ್ಲಿಪ್‌ರಿಂಗ್, ಬೆಂಗಳೂರಿನ ಎನ್‌ಜಿಇಎಫ್ ಮಾಡಿದ್ದು. ಪ್ಲೇಟಿನ ಮೇಲೆ ಸ್ಟೇಟರ್ (ನಿಂತ ಭಾಗ) 400 ವೋಲ್ಟ್, ರೋಟರ್ (ತಿರುಗುವ ಭಾಗ) 180 ವೋಲ್ಟ್ ಅಂತ ಇದೆ. ಅಪ್ಪಯ್ಯ 1974ರಲ್ಲಿ ತಂದು ಕೂರಿಸಿದ್ದು, ನಾನು ಹುಟ್ಟೋದಕ್ಕೂ ಮೊದಲು. ಇಷ್ಟು ವರ್ಷದಲ್ಲಿ ಬೇರಿಂಗ್ ಎರಡು ಸಲ ಬದಲಾಗಿದೆ, ವೈಂಡಿಂಗ್ ಒಮ್ಮೆಯೂ ಮುಟ್ಟಿಲ್ಲ.

ಸ್ಟಾರ್ಟರು ಎಣ್ಣೆ ತೊಟ್ಟಿಯದು, ಕೈಯಲ್ಲಿ ತಿರುಗಿಸೋದು. ಅಪ್ಪಯ್ಯ ಅದರ ಹ್ಯಾಂಡಲ್ ಹಿಡಿದರೆ ಭತ್ತ ಅಳೆಯುವ ಹಾಗೆಯೇ ಎಣಿಸ್ತಿದ್ದರು. "ಲಾಭ, ಎರಡು, ಮೂರು" ಅಂತ ಒಂದೊಂದು ಮೆಟ್ಟಿಲಿಗೂ ಒಂದೊಂದು ಎಣಿಕೆ. ಶಾಫ್ಟಿನ ಶಬ್ದ ಏರಿ ಒಂದು ಹದಕ್ಕೆ ಬರುವವರೆಗೆ ಮುಂದಿನ ಮೆಟ್ಟಿಲಿಗೆ ಹೋಗ್ತಿರಲಿಲ್ಲ. ನನಗೂ ಹಾಗೇ ಕಲಿಸಿದ್ದಾರೆ.

ಈಗಿನ ತೊಂದರೆ: ಮಳೆಗಾಲ ಮುಗಿದು, ದೀಪಾವಳಿ ಕಳೆದ ಮೇಲೆ ಹೊಸ ಭತ್ತಕ್ಕೆ ಅಂತ ಚಾಲೂ ಮಾಡಿದರೆ ಮೋಟರು ಅರ್ಧ ಸ್ಪೀಡಿಗೆ ಬಂದು ಅಲ್ಲೇ ನಿಂತುಬಿಡ್ತದೆ. ಹ್ಯಾಂಡಲ್ ಕೊನೆಯ ಮೆಟ್ಟಿಲಿಗೆ ತಂದರೂ ಮೇಲೇರೋದಿಲ್ಲ. ಶಬ್ದ ಎಮ್ಮೆ ಕೂಗಿದ ಹಾಗೆ ಏರಿ ಇಳಿದು ಮಾಡ್ತದೆ, ಆಂಪ್ ಮೀಟರಿನ ಮುಳ್ಳು ತೂಗಾಡ್ತದೆ. ಎರಡು ಸಲ ನೋಡಿ ಬಂದ್ ಮಾಡಿದೆ.

ಪೇಟೆಯಿಂದ ಬಂದ ಎಲೆಕ್ಟ್ರಿಷಿಯನ್ ಮುಚ್ಚಳ ತೆಗೆಯದೆಯೇ "ರೋಟರ್ ಹೋಗಿದೆ, ಐವತ್ತು ವರ್ಷದ ಮಾಲು, ತಾಮ್ರದ ತೂಕಕ್ಕೆ ಕೊಟ್ಟು ಹೊಸದು ತಗೊಳ್ಳಿ" ಅಂದ. ಅಪ್ಪಯ್ಯನಿಗೆ ಈಗ 81. ಬೆಂಚಿನ ಮೇಲೆ ಕೂತು ಶಬ್ದ ಕೇಳಿ ಹೇಳಿದ್ದು ಇಷ್ಟೇ: "ರೋಟರಿಗೆ ಏನೂ ಆಗಿಲ್ಲ, ಎಲ್ಲೋ ಒಂದು ಕಾಲು ಕುಂಟ್ತಿದೆ."

ಇನ್ನೊಂದು ವಿಷಯ. ಹೋದ ವರ್ಷ ಬ್ರಷ್ (ರೋಟರಿನ ಉಂಗುರಕ್ಕೆ ತಾಗಿ ಕೂರುವ ಕಾರ್ಬನ್ ತುಂಡು) ಸವೆದಾಗ ಆ ಅಳತೆಯದು ಸಿಗದೆ ಒಂದು ಅಂಗಡಿಯಲ್ಲಿ ಬೇರೆ ಯಾವುದೋ ಮೋಟರಿನ ಕಾರ್ಬನ್ ಉಜ್ಜಿ ಹಾಕಿಕೊಟ್ಟಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ? ಜನ ಚೀಲ ಇಟ್ಟು ಹೋಗಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಪ್ಯಾನೆಲ್ ಬೋರ್ಡ್, ದಾವಣಗೆರೆ:

ಸಾರ್, ಮೋಟರು ಬದಲಾಯಿಸಿ ಅಂತಲೇ ನನ್ನ ಅಭಿಪ್ರಾಯ. ಈಗಿನ ಐಇ3 (ಕರೆಂಟು ಉಳಿಸುವ ದರ್ಜೆಯ) ಮೋಟರು 15 ಕಿಲೋವ್ಯಾಟ್, ನಿಮ್ಮದರ ಹಾಗೆ ಆರು ಪೋಲಿನದಾದರೆ ದಕ್ಷತೆ ನೂರಕ್ಕೆ 91.2. ನಿಮ್ಮದನ್ನು 86 ಅಂತ ಹಿಡಿಯೋಣ. ಪೂರ್ತಿ ಲೋಡಿನಲ್ಲಿ ಗಂಟೆಗೆ ಒಂದು ಯೂನಿಟ್ ಉಳೀತದೆ. ಜೊತೆಗೆ ಒಂದು ಡ್ರೈವ್ (ಮೋಟರಿನ ವೇಗ ನಿಧಾನಕ್ಕೆ ಏರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿದರೆ ಹ್ಯಾಂಡಲ್, ಎಣ್ಣೆ, ಬ್ರಷ್ ಯಾವ ತಾಪತ್ರಯವೂ ಇಲ್ಲ, ಬಟನ್ ಒತ್ತಿದರೆ ಆಯ್ತು. ಬ್ರಷ್ಷಿನ ಮೋಟರು ತೌಡಿನ ಧೂಳಿನಲ್ಲಿ ಇರಬಾರದು. ನಿಮ್ಮ ಮಿಲ್ಲು ವರ್ಷಕ್ಕೆ ಎಷ್ಟು ಗಂಟೆ ಓಡ್ತದೆ?

ಗಿರಣಿಮನೆ:

ಸುಗ್ಗಿಯಲ್ಲಿ ದಿನಾ ಐದಾರು ಗಂಟೆ, ಉಳಿದಾಗ ವಾರಕ್ಕೆರಡು ದಿನ. ಒಟ್ಟು 600 ಗಂಟೆ ಇರಬಹುದು. ನಾವು ಲೈನಿನ ಕಟ್ಟಕಡೆಯಲ್ಲಿದ್ದೇವೆ. ಸಂಜೆ ಪಂಪ್‌ಸೆಟ್ಟುಗಳು ಚಾಲೂ ಆದರೆ ವೋಲ್ಟೇಜ್ 380ಕ್ಕೆ ಇಳೀತದೆ.

ಹಳೇ ವೈಂಡರ್, ಭದ್ರಾವತಿ:

ತಮ್ಮಾ, ಮೊದಲು ಆ ಮೋಟರನ್ನು ಗುಜರಿಯವನ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ. ನಾನು 41 ವರ್ಷ ಮೋಟರು ಕಟ್ಟಿದವನು. ನೀವು ಬರೆದ "ಅರ್ಧ ಸ್ಪೀಡು" ಅನ್ನೋ ಒಂದು ಮಾತಿನಲ್ಲೇ ಕಾಯಿಲೆ ಇದೆ, ನಿಮ್ಮ ತಂದೆಯವರು ಅದನ್ನು ಕಿವಿಯಲ್ಲೇ ಹಿಡಿದಿದ್ದಾರೆ.

ಸ್ಲಿಪ್‌ರಿಂಗ್ ಮೋಟರಿನ ರೋಟರಿನಲ್ಲೂ ಮೂರು ಫೇಸಿನ ಸುತ್ತು ಇರ್ತದೆ. ಮೂರು ತುದಿ ಮೂರು ಉಂಗುರಕ್ಕೆ, ಉಂಗುರದಿಂದ ಬ್ರಷ್ಷಿಗೆ, ಬ್ರಷ್ಷಿನಿಂದ ಸ್ಟಾರ್ಟರಿನ ರೆಸಿಸ್ಟೆನ್ಸಿಗೆ. ಈ ಮೂರರಲ್ಲಿ ಒಂದು ದಾರಿ ಕಡಿದುಹೋದರೆ ರೋಟರು ಒಂಟಿ ಫೇಸಿನದಾಗ್ತದೆ. ಆಗ ಅದು ಪೂರ್ತಿ ವೇಗದ ಅರ್ಧಕ್ಕೆ ಬಂದು ಅಲ್ಲೇ ಕಚ್ಚಿಕೊಳ್ತದೆ. ನಿಮ್ಮ ಆರು ಪೋಲಿನ ಮೋಟರಿಗೆ ಪೂರ್ತಿ ವೇಗದ ಲೆಕ್ಕ 1000, ಅದರ ಅರ್ಧ, ಅಂದರೆ 500ರ ಆಸುಪಾಸು. ಇದಕ್ಕೆ ಪುಸ್ತಕದಲ್ಲಿ ಗೋರ್ಗೆಸ್ ಪರಿಣಾಮ ಅಂತ ಹೆಸರಿದೆ. ಸುತ್ತು ಸುಟ್ಟು ಹೋಗಿದ್ದರೆ ನಿಮ್ಮ ಮೂಗಿಗೇ ಗೊತ್ತಾಗ್ತಿತ್ತು. ಸುಟ್ಟ ವಾರ್ನಿಷ್ ವಾಸನೆ ವಾರವಾದರೂ ಕೋಣೆ ಬಿಟ್ಟು ಹೋಗೋದಿಲ್ಲ.

ಬೆಲ್ಟ್ ಇಳಿಸಿ. ಮೇನ್ ತೆಗೆದು ಫ್ಯೂಜ್ ಕಿತ್ತು ಜೇಬಿಗೆ ಹಾಕಿಕೊಂಡು ಬ್ರಷ್ಷಿನ ಮುಚ್ಚಳ ಬಿಚ್ಚಿ. ಒಂದೊಂದೇ ಬ್ರಷ್ಷನ್ನು ಅದರ ಮನೆಯೊಳಗೆ ಮೇಲೆ ಕೆಳಗೆ ಆಡಿಸಿ. ತನ್ನ ಭಾರಕ್ಕೇ ಜಾರಬೇಕು. ಉಜ್ಜಿ ಕೂರಿಸಿದ್ದು ಅಂದಿರಲ್ಲ, ಅದು ಕೂದಲೆಳೆಯಷ್ಟು ದಪ್ಪ ಉಳಿದಿದ್ದರೂ ಮಳೆಗಾಲದಲ್ಲಿ ತೌಡು ಸೇರಿ ಕಚ್ಚಿಕೊಂಡಿರ್ತದೆ. ತೌಡಿನಲ್ಲಿ ಎಣ್ಣೆ ಇದೆ, ಕಾರ್ಬನ್ ಪುಡಿ ಜೊತೆ ಬೆರೆತರೆ ಡಾಂಬರಿನ ಹಾಗೆ ಗಟ್ಟಿಯಾಗ್ತದೆ. ಬ್ರಷ್ಷಿನ ತಾಮ್ರದ ಜಡೆ ತುಂಡಾಗಿದೆಯಾ ನೋಡಿ. ಅಲ್ಲಿ ಸರಿ ಇದ್ದರೆ ಸ್ಟಾರ್ಟರಿನ ಎಣ್ಣೆ ಇಳಿಸಿ ಒಳಗಿನ ಕಾಂಟ್ಯಾಕ್ಟ್ ನೋಡಿ.

ಅನುಮಾನ ಪೂರ್ತಿ ಹೋಗಬೇಕು ಅಂದರೆ ಒಂದು ಪರೀಕ್ಷೆ ಇದೆ, ಆದರೆ ಲೈಸೆನ್ಸ್ ಇದ್ದವರ ಕೈಯಲ್ಲೇ ಮಾಡಿಸಿ. ಬ್ರಷ್ಷುಗಳನ್ನೆಲ್ಲ ಎತ್ತಿ ಕಟ್ಟಿ, ಸ್ಟೇಟರಿಗೆ ಮಾತ್ರ ಕರೆಂಟು ಕೊಟ್ಟು, ನಿಂತ ರೋಟರಿನ ಉಂಗುರ ಉಂಗುರದ ನಡುವೆ ವೋಲ್ಟೇಜ್ ಅಳೆಯೋದು. ಮೂರು ಜೋಡಿಯಲ್ಲೂ ಒಂದೇ ಅಳತೆ ಬಂದು, ಅದು ಪ್ಲೇಟಿನ 180ಕ್ಕೆ ಹೊಂದಿದರೆ ರೋಟರು ಗಟ್ಟಿ. ಆಗ ಉಂಗುರದಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರ್ತದೆ, ಹುಡುಗಾಟ ಬೇಡ.

ಚಾಲೂ ಮಾಡುವ ಮೊದಲು 500 ವೋಲ್ಟಿನ ಮೆಗ್ಗರ್ (ವೈಂಡಿಂಗಿನ ಇನ್ಸುಲೇಷನ್ ಅಳೆಯುವ ಮೀಟರು) ಹಾಕಿಸಿ. ಆ ಕಾಲದ ವೈಂಡಿಂಗಿಗೆ ನಾವು ಹಿಡಿಯುವ ಲೆಕ್ಕ ಕಿಲೋವೋಲ್ಟಿಗೆ ಒಂದು ಮೆಗಓಮ್, ಅದರ ಮೇಲೆ ಇನ್ನೊಂದು. ನಿಮ್ಮ 0.4 ಕಿಲೋವೋಲ್ಟಿಗೆ ಕನಿಷ್ಠ 1.4. ಸಾಗರದ ಮಳೆ ಕುಡಿದ ಮೋಟರು ಅದಕ್ಕಿಂತ ಕೆಳಗೆ ತೋರಿಸಿದರೆ ಹೆದರಬೇಡಿ, ಒಣಗಿಸಿ.

ದಾವಣಗೆರೆಯವರ ಲೆಕ್ಕ ತಪ್ಪಲ್ಲ. ದಿನವಿಡೀ ಓಡುವ ಮಿಲ್ಲಿಗೆ ನಾನೂ ಅದನ್ನೇ ಹೇಳ್ತಿದ್ದೆ. ಇಲ್ಲಿ 600 ಗಂಟೆಗೆ 600 ಯೂನಿಟ್, ಆ ಉಳಿತಾಯದಲ್ಲಿ ಹೊಸ ಮೋಟರು, ಡ್ರೈವ್ ಎರಡರ ದುಡ್ಡು ಯಾವಾಗ ಹುಟ್ಟೋದು? ಡ್ರೈವ್ ಬಿಟ್ಟು ಬರೀ ಮೋಟರು ತಂದರೆ ಕಷ್ಟ ಇನ್ನೂ ಹೆಚ್ಚು. 20 ಎಚ್‌ಪಿಯ ಸಾದಾ ಮೋಟರನ್ನು ನೇರ ಎತ್ತಿದರೆ 28 ಆಂಪಿನ ಆರು ಪಟ್ಟು ಎಳೀತದೆ, ಲೈನಿನ ತುದಿಯಲ್ಲಿ ಊರಿನ ದೀಪವೆಲ್ಲ ಮಂಕಾಗ್ತದೆ. ಸ್ಟಾರ್ ಡೆಲ್ಟಾ (ಮೊದಲು ಕಡಿಮೆ ವೋಲ್ಟೇಜಿನಲ್ಲಿ ಎತ್ತುವ ಸ್ಟಾರ್ಟರು) ಹಾಕಿದರೆ ಕರೆಂಟಿನ ಜೊತೆ ಎಳೆತವೂ ಮೂರನೇ ಒಂದು ಪಾಲಿಗೆ ಇಳೀತದೆ, ಅಷ್ಟುದ್ದ ಶಾಫ್ಟು, ಕಲ್ಲು, ಬೆಲ್ಟು ಮೇಲೇಳೋದೇ ಇಲ್ಲ. ಸ್ಲಿಪ್‌ರಿಂಗ್ ಅದೇ ಭಾರವನ್ನು ಒಂದೂವರೆ ಪಟ್ಟು ಕರೆಂಟಿನಲ್ಲಿ ಎತ್ತಿ ನಿಲ್ಲಿಸ್ತದೆ. ಹಳೇ ಅಕ್ಕಿ ಗಿರಣಿ, ಸಾಮಿಲ್ಲು, ಜಲ್ಲಿ ಕ್ರಷರ್‌ಗಳಲ್ಲಿ ಇದನ್ನೇ ಹಾಕ್ತಿದ್ದದ್ದು ಅದಕ್ಕೇ.

ಒಂದು ವಿಷಯ ಮಾತ್ರ ಕೈಮುಗಿದು ಕೇಳಿಕೊಳ್ತೇನೆ. ಮುಂದೆ ಯಾವತ್ತಾದರೂ ರೀವೈಂಡಿಂಗ್ ಬಂದರೆ, ಹಳೇ ತಂತಿ ತೆಗೆಯಲು ಸ್ಟೇಟರನ್ನು ಸೌದೆ ಬೆಂಕಿಗೆ ಇಡುವವರ ಕೈಗೆ ಕೊಡಬೇಡಿ. ಹದ ತಪ್ಪಿದ ಬೆಂಕಿಗೆ ಸ್ಟೇಟರಿನೊಳಗೆ ಜೋಡಿಸಿದ ಸ್ಟಾಂಪಿಂಗ್ ತಗಡುಗಳ ನಡುವಿನ ಪದರ ಸುಟ್ಟುಹೋಗ್ತದೆ. ಆಮೇಲೆ ಎಷ್ಟು ಒಳ್ಳೇ ತಂತಿ ಸುತ್ತಿದರೂ ಮೋಟರು ಖಾಲಿ ಓಡಿದರೂ ಕಾಯ್ತದೆ. ನನ್ನ ಕಣ್ಣೆದುರೇ ಎಷ್ಟೋ ಒಳ್ಳೇ ಬಾಡಿಗಳು ಹೀಗೆ ಹಾಳಾಗಿವೆ.

ಗಿರಣಿಮನೆ:

ನೀವು ಹೇಳಿದ ಹಾಗೇ ಮಾಡಿದೆವು. ಬೇರೆ ಎಲೆಕ್ಟ್ರಿಷಿಯನ್ ಕರೆಸಿದೆ. ಬೆಲ್ಟ್ ಇಳಿಸಿ ಒಂದೇ ಒಂದು ಸಲ ಚಾಲೂ ಮಾಡಿ ಲೇತ್ ಅಂಗಡಿಯಿಂದ ತಂದ ಟ್ಯಾಕೋಮೀಟರ್ ಹಿಡಿದರೆ 494!

ಮುಚ್ಚಳ ತೆಗೆದೆವು. ಒಂದೊಂದು ಉಂಗುರಕ್ಕೆ ಎರಡೆರಡು ಬ್ರಷ್ಷು. ಆಚೆ ಈಚೆಯ ಉಂಗುರ ಕಂದು ಬಣ್ಣಕ್ಕೆ ಹೊಳೀತಿದ್ದವು, ನಡುವಿನದು ಮಾತ್ರ ಮಸಿ ಬಳಿದ ಹಾಗೆ. ಅದರ ಒಂದು ಬ್ರಷ್ಷಿನ ಜಡೆ ಬುಡದಲ್ಲೇ ಸುಟ್ಟು ಕಳಚಿತ್ತು. ಇನ್ನೊಂದು ಮನೆಯೊಳಗೇ ಕಚ್ಚಿಕೊಂಡು ಉಂಗುರದಿಂದ ಒಂದು ಕಾಳುಮೆಣಸಿನಷ್ಟು ಮೇಲೆ ನಿಂತಿತ್ತು. ಸ್ಪ್ರಿಂಗ್ ಒತ್ತುತ್ತಲೇ ಇದೆ, ಬ್ರಷ್ಷು ಇಳಿಯೋದಿಲ್ಲ. ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಕಾಯ್ತು. ಎರಡೂ ಹೋದ ವರ್ಷ ಉಜ್ಜಿ ಹಾಕಿದ್ದವೇ.

ರೋಟರ್ ವೋಲ್ಟೇಜ್ 173, 173, 172. ಆಗ ಲೈನು 385 ಇತ್ತು. ಮೆಗ್ಗರ್ ಮಾತ್ರ 0.6 ತೋರಿಸ್ತು. ಹೇಗೆ ಒಣಗಿಸೋದು?

ಕಾರ್ಗಲ್ ನಿವೃತ್ತ:

ನಾನು ಜೋಗದ ಪವರ್ ಹೌಸಿನಲ್ಲಿ ಆಪರೇಟರ್ ಆಗಿದ್ದವನು, ನಿಮ್ಮ ನೆರೆಯವನೇ. 385ಕ್ಕೆ ಲೆಕ್ಕ ಹಾಕಿದರೆ 173 ಸರಿಯಾಗಿದೆ, ನಿಮ್ಮ ರೋಟರು ಚಿನ್ನ. ಮೋಟರಿನ ಎರಡೂ ಬಾಯಿಗೆ 200 ವ್ಯಾಟಿನ ಹಳೇ ಗಾಜಿನ ಬಲ್ಬು ಒಂದೊಂದು ಇಟ್ಟು, ಬಲ್ಬಿಗೆ ತಾಗದ ಹಾಗೆ ಗೋಣಿಯನ್ನು ಮೇಲಿನಿಂದ ಇಳಿಬಿಟ್ಟು ಎರಡು ದಿನ ಬಿಡಿ. ತೇವ ಹೊರಹೋಗಲು ಮೇಲೊಂದು ಸಂದು ಇರಲಿ. ಮನೆಯಲ್ಲಿ ಯಾರಾದರೂ ನಿಗಾ ಇಟ್ಟಿರಬೇಕು. ಮೊದಲು ಮೆಗ್ಗರ್ ಇನ್ನೂ ಇಳೀತದೆ, ತೇವ ಬಿಸಿಗೆ ಹರಡುವುದರಿಂದ. ಆಮೇಲೆ ಏರ್ತದೆ. ಇಳಿದದ್ದು ನೋಡಿ ಅರ್ಧಕ್ಕೆ ನಿಲ್ಲಿಸಬೇಡಿ.

ಐವತ್ತು ವರ್ಷ ಅಂತ ಹೆದರಿಸುವವರಿಗೆ ಜೋಗ ತೋರಿಸಿ. ಮಹಾತ್ಮ ಗಾಂಧಿ ಕೇಂದ್ರ ಶುರುವಾದದ್ದು 1948ರಲ್ಲಿ. ಅಲ್ಲಿನ ಎಂಟು ಘಟಕಗಳು ನವೀಕರಣವಾಗಿ ಇವತ್ತಿಗೂ 139.2 ಮೆಗಾವ್ಯಾಟಿನ ಲೆಕ್ಕದಲ್ಲಿವೆ. ಶಿವನಸಮುದ್ರ 1902ರದು, ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಆ ಕೇಂದ್ರವೂ ಇನ್ನೂ ನಡೀತಿದೆ. ಯಂತ್ರದ ವಯಸ್ಸನ್ನು ನಾವು ಯಾವತ್ತೂ ಕೇಳ್ತಿರಲಿಲ್ಲ. ಲಾಗ್ ಪುಸ್ತಕದಲ್ಲಿ ಹೋದ ತಿಂಗಳ ಬೇರಿಂಗ್ ಬಿಸಿ ಎಷ್ಟು, ಈ ತಿಂಗಳು ಎಷ್ಟು, ಅದನ್ನು ಕೇಳ್ತಿದ್ದೆವು. ನೀವೂ ಒಂದು ನೋಟ್‌ಬುಕ್ ಇಡಿ. ಮೆಗ್ಗರ್, ಆಂಪು, ಬ್ರಷ್ಷಿನ ಉದ್ದ ಮೂರನ್ನೇ ಬರೆದರೂ ಸಾಕು.

ಹಳೇ ವೈಂಡರ್, ಭದ್ರಾವತಿ:

ಕಾರ್ಗಲ್ಲಿನ ರಾಯರು ಹೇಳಿದ ಹಾಗೆ ಒಣಗಿಸಿ. ಬ್ರಷ್ಷಿಗೆ ಅಂಗಡಿಯಲ್ಲಿ "ಕಾರ್ಬನ್" ಅಂತ ಕೇಳಬೇಡಿ, ಸ್ಲಿಪ್‌ರಿಂಗಿಗೆ ತಾಮ್ರ ಬೆರೆಸಿದ ಗ್ರಾಫೈಟ್ ಬೇಕು. ಮುರಿದರೆ ಒಳಗೆ ಕೆಂಪು ಛಾಯೆ ಕಾಣ್ತದೆ. ಆರನ್ನೂ ಒಟ್ಟಿಗೇ ಬದಲಿಸಿ, ಹೊಸದು ಹಳೆಯದು ಬೆರೆಸಬೇಡಿ. ಕೂರಿಸುವಾಗ ಸಣ್ಣ ಮರಳು ಕಾಗದದ ಪಟ್ಟಿಯನ್ನು ಉಂಗುರ, ಬ್ರಷ್ಷಿನ ನಡುವೆ ತೂರಿಸಿ, ಒರಟು ಮೈ ಬ್ರಷ್ಷಿನ ಕಡೆಗಿಟ್ಟು ಮೋಟರು ತಿರುಗುವ ದಿಕ್ಕಿಗೇ ಎಳೆಯಿರಿ. ಬ್ರಷ್ಷಿನ ಕೆಳಮೈ ಉಂಗುರದ ದುಂಡಿಗೆ ಹೊಂದುವವರೆಗೆ. ಎಮರಿ ಕಾಗದ ಬೇಡವೇ ಬೇಡ, ಅದರ ಪುಡಿ ಬ್ರಷ್ಷಿನಲ್ಲಿ ಹೂತುಕೊಂಡು ಉಂಗುರವನ್ನೇ ತಿನ್ನುತ್ತದೆ. ಕೊನೆಗೆ ಪುಡಿಯನ್ನೆಲ್ಲ ಊದಿ ತೆಗೆಯಿರಿ.

ಗಿರಣಿಮನೆ:

ಒಂಬತ್ತು ದಿನ ಆದ ಮೇಲೆ ಬರೀತಿದ್ದೇನೆ. ಮೆಗ್ಗರ್ ಮೊದಲ ರಾತ್ರಿ 0.4ಕ್ಕೆ ಇಳಿಯಿತು, ರಾಯರು ಹೇಳದಿದ್ದರೆ ನಿಲ್ಲಿಸೇ ಬಿಡ್ತಿದ್ದೆ. ಮೂರನೇ ದಿನ ಬೆಳಿಗ್ಗೆ 14. ಬ್ರಷ್ಷು ಹುಬ್ಬಳ್ಳಿಯಿಂದ ತರಿಸಿದೆ. ಕಾಗದ ಎಳೆದು ಕೂರಿಸಲಿಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಅಪ್ಪಯ್ಯ ಬೆಂಚಿನಿಂದ ಎದ್ದು ಬಂದು ಹ್ಯಾಂಡಲ್ ತಾವೇ ಹಿಡಿದರು. ನಾಲ್ಕನೇ ಎಣಿಕೆಗೆ ಅರ್ಧ ಸ್ಪೀಡಿನ ಆ ಜಾಗ ದಾಟಿ ಶಬ್ದ ಒಂದೇ ಸಮ ಮೇಲೇರಿತು. ಕೊನೆಗೆ ಪೂರ್ತಿ ಸ್ಪೀಡಿಗೆ ಬಂತು, ಖಾಲಿ ಶಾಫ್ಟಿನಲ್ಲಿ. ಮುಳ್ಳು ಅಲ್ಲಾಡಲಿಲ್ಲ. ಅವತ್ತೇ ಹನ್ನೊಂದು ಚೀಲ ಮುಗಿಸಿದೆವು.

ಒಂದೇ ಪ್ರಶ್ನೆ ಉಳಿದಿದೆ. ನಡುವಿನ ಉಂಗುರದಲ್ಲಿ ಉಗುರಿಗೆ ತಾಗುವಷ್ಟು ಗೀರಿದೆ. ಈಗಲೇ ಲೇತಿಗೆ ಹಾಕಿಸಬೇಕಾ?

ಹಳೇ ವೈಂಡರ್, ಭದ್ರಾವತಿ:

ಕಿಡಿ ಹಾರದಿದ್ದರೆ ಸುಗ್ಗಿ ಮುಗಿಯಲಿ, ವಾರಕ್ಕೊಮ್ಮೆ ಮುಚ್ಚಳ ತೆಗೆದು ಧೂಳು ಊದಿ. ಯುಗಾದಿ ಕಳೆದ ಮೇಲೆ ರೋಟರು ಹೊರಗೆ ತೆಗೆದು ಮೂರು ಉಂಗುರವನ್ನೂ ಒಂದೇ ಅಳತೆಗೆ ತಿರುವಿಸಿ. ಬಿಚ್ಚುವ ಮೊದಲು ಮೂರು ವೈರಿಗೂ ಗುರುತು ಹಾಕಿ, ಎಂಡ್ ಕವರಿಗೂ ಬಾಡಿಗೂ ಸೇರಿಸಿ ಒಂದು ಪಂಚು ಹೊಡೆಯಿರಿ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.